ಡಬ್ಬಿಯ ಮುಂದೆ ಆಡಿದ ಮಾತು

ಹೊಗಳುವುದು ರೊಸಾನಾ ಪವ್ಲಿಕ್‌ಗೆ ಉಸಿರಾಡಿದಷ್ಟೇ ಸಲೀಸು. ಅಮೆರಿಕದ ಆ ಸೀಮೆಯಲ್ಲಿ ಎಲ್ಲರಿಗೂ ಅಷ್ಟೇ ಅನ್ನಿ. ಮಗು ತಟ್ಟೆ ಖಾಲಿ ಮಾಡಿದರೂ ಭಲೇ, ನಾಯಿ ಕೂರೆಂದಾಗ ಕೂತರೂ ಭಲೇ, ಪಕ್ಕದ ಮನೆಯವನು ಹುಲ್ಲು ಕತ್ತರಿಸಿದರೂ ಏನದ್ಭುತ ಏನದ್ಭುತ. ಆದರೆ ರೊಸಾನಾಳಿಗೆ ಅದು ಬರೀ ಅಭ್ಯಾಸವಲ್ಲ, ಕಸುಬು. ಯಂಗ್ಸ್‌ಟೌನ್ ಊರಾಚೆಯ ಪುನಶ್ಚೇತನ ಕೇಂದ್ರದಲ್ಲಿ ಲಕ್ವ ಹೊಡೆದವರನ್ನೂ ಸೊಂಟ ಮುರಿದುಕೊಂಡವರನ್ನೂ ಹಾಸಿಗೆಯಿಂದ ಎಬ್ಬಿಸಿ ನಿಲ್ಲಿಸಿ ನಡೆಸುವುದು ಅವಳ ಕೆಲಸ. ಅದರಲ್ಲೇ ಕೂದಲು ನರೆತಿತ್ತು. ಇಷ್ಟು ಕಾಲದಲ್ಲಿ ಅವಳು ಕಂಡುಕೊಂಡ ಸತ್ಯವೆಂದರೆ, ಸೋತ ಕಾಲು ಮದ್ದಿಗಿಂತ ಮಾತಿಗೆ ಬೇಗ ಏಳುತ್ತದೆ. ಒಂದು ಹೆಜ್ಜೆ ಇಟ್ಟವರನ್ನು ಹತ್ತು ಹೆಜ್ಜೆ ಇಟ್ಟರೆಂದು ಹೊಗಳಿದರೆ ನಾಳೆ ಎರಡಾದರೂ ಇಡುತ್ತಾರೆ.

ವರ್ನಾ ಕೊಲಾರ್ ಹೊಗಳಿಕೆಗೆ ಉಬ್ಬುವ ಪೈಕಿಯವಳಲ್ಲ, ಹಾಗೆಂದು ಅವಳೇ ಅಂದುಕೊಂಡಿದ್ದಳು. ಎಪ್ಪತ್ತು ದಾಟಿದ ಅವಿವಾಹಿತೆ. ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಶುಕ್ರವಾರ ಹೆಂಗಸರೆಲ್ಲ ಸೇರಿ ಪಿರೋಗಿ ಮಾಡಿ ಮಾರುವ ಪದ್ಧತಿ ಅಲ್ಲಿಯದು. ಆಲೂಗಡ್ಡೆ, ಚೀಸು ತುಂಬಿದ ಆ ಕಡುಬಿನ ಅಂಚನ್ನು ಸರಿಯಾಗಿ ಒತ್ತದವರ ಮುಖಕ್ಕೇ ಅದನ್ನು ವಾಪಸು ಹಿಡಿಯುವ ಅಧಿಕಾರ ವರ್ನಾಳದು. ಹಾಗೆ ಹಿಡಿಯುತ್ತಿದ್ದಾಗಲೇ ಒಂದು ಶುಕ್ರವಾರ ಎಡಗೈಯಿಂದ ಕಡುಬು ಜಾರಿತು, ಹಿಂದೆಯೇ ಅವಳೂ ಕುಸಿದಳು. ಆಸ್ಪತ್ರೆಯವರು ಜೀವ ಉಳಿಸಿ ಈ ಕೇಂದ್ರಕ್ಕೆ ಕಳಿಸಿದರು. ಎಡಗೈ ಎಡಗಾಲು ಅವಳ ಮಾತು ಕೇಳುತ್ತಿರಲಿಲ್ಲ. ಮಾತು ಕೇಳದವರನ್ನು ಕಂಡು ಅಭ್ಯಾಸವೇ ಇಲ್ಲದ ಹೆಂಗಸು ಅವಳು.

ಅವಳಿಗೆ ಬೇಕಾಗಿದ್ದದ್ದು ಒಂದೇ, ಮೆಟ್ಟಿಲು ಹತ್ತುವುದು. ಅಕ್ಕ ಆಗ್ನೆಸ್ ಜೊತೆ ಅವಳಿರುವ ಮನೆ ಆ ಬೀದಿಯ ಉಳಿದ ಮನೆಗಳ ಹಾಗೆಯೇ ಇತ್ತು. ಕೆಳಗೆ ಅಡುಗೆಮನೆ, ಮೇಲೆ ಮಲಗುವ ಕೋಣೆ, ಇಡೀ ಮನೆಗೆ ಒಂದೇ ಬಚ್ಚಲು, ಒಂದೇ ಪಾಯಿಖಾನೆ, ಅವೂ ಮೇಲೆಯೇ. ನಡುವೆ ಕಡಿದಾದ ಮರದ ಮೆಟ್ಟಿಲು. ಆಗ್ನೆಸ್ ತಾನೇ ವಾಕರ್ ಹಿಡಿದು ಓಡಾಡುವವಳು, ಕಟಕಟೆ ಹಿಡಿದು ಹೇಗೋ ಮೇಲೆ ಹೋಗಿಬರುವವಳು, ತಂಗಿಯನ್ನು ಎತ್ತುವ ಮಾತೇ ಇಲ್ಲ.

“ಅಡುಗೆಮನೇಲಿ ಕಕ್ಕಸಿನ ಕುರ್ಚಿ ಇಟ್ಕೊಂಡು ಅದರ ಪಕ್ಕ ಕೂತು ಹಿಟ್ಟು ನಾದು ಅಂತೀಯಾ?” ಎಂದು ವರ್ನಾ ಮೊದಲನೆಯ ದಿನವೇ ರೊಸಾನಾಳನ್ನು ಕೇಳಿದ್ದಳು. “ಮೆಟ್ಟಿಲು ಹತ್ತಿಸು. ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡು.”

“ಹತ್ತಿಸ್ತೀನಿ ಚಿನ್ನಾ,” ಎಂದಳು ರೊಸಾನಾ. ತನಗಿಂತ ಹಿರಿಯರನ್ನೂ ಚಿನ್ನ, ಬಂಗಾರ ಎಂದು ಕರೆಯುವುದು ಅಲ್ಲಿನ ದಾದಿಯರ, ಹೋಟೆಲಿನವರ ರೂಢಿ. ವರ್ನಾ ಅದಕ್ಕೂ ಮುಖ ಸಿಂಡರಿಸಿದಳು.

ಅದೇ ದಿನಗಳಲ್ಲಿ ಡಬ್ಬಿಯೂ ಬಂತು. ಕೇಂದ್ರದ ಆಡಳಿತಾಧಿಕಾರಿ ಬ್ರೆಂಟ್ ಕ್ವಿಗ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. ಸೋಪಿನ ಡಬ್ಬಿಯಷ್ಟು ದೊಡ್ಡ ಬಿಳಿಯ ಯಂತ್ರವೊಂದನ್ನು ಸಿಬ್ಬಂದಿಯೆಲ್ಲರ ಎದೆಗೂ ತಾನೇ ಸಿಕ್ಕಿಸಿದ. “ನೀವು ರೋಗಿ ಜೊತೆ ಮಾತಾಡ್ತಾ ಹೋಗಿ. ಇದು ಕೇಳಿಸ್ಕೊಂಡು ವರದಿ ಬರ್ದು ವಿಮೆ ಕಂಪನಿಗೆ ಕಳಿಸುತ್ತೆ. ಸಂಜೆ ಕೂತು ಕುಟ್ಟೋ ಕಾಟ ಇನ್ನಿಲ್ಲ,” ಎಂದ. ಆ ಕಾಟ ಸಣ್ಣದಾಗಿರಲಿಲ್ಲ. ರೋಗಿಯನ್ನು ನಡೆಸಿದ್ದಕ್ಕಿಂತ ನಡೆಸಿದೆನೆಂದು ಬರೆಯುವುದಕ್ಕೇ ಹೆಚ್ಚು ಹೊತ್ತು ಹೋಗುತ್ತಿತ್ತು. ಹಾಗಾಗಿ ರೊಸಾನಾಳೂ ಸಂತೋಷಪಟ್ಟಳು. ಡಬ್ಬಿ ಬರೆದದ್ದನ್ನು ದಿನದ ಕೊನೆಗೆ ಓದಿ ಒಪ್ಪಿಗೆಯ ಗುಂಡಿ ಒತ್ತಬೇಕೆಂದು ನಿಯಮವಿತ್ತು. ಗುಂಡಿಯನ್ನು ಎಲ್ಲರೂ ಒತ್ತುತ್ತಿದ್ದರು, ಓದುವವರು ಯಾರೂ ಇರಲಿಲ್ಲ.

ಜೋಡಿ ಸರಳುಗಳ ನಡುವೆ ವರ್ನಾಳ ಪಾಠ ದಿನವೂ ಒಂದೇ ರೀತಿ ಸಾಗುತ್ತಿತ್ತು.

“ಎಷ್ಟ್ ಚೆನ್ನಾಗಿ ಹೆಜ್ಜೆ ಇಟ್ರಿ. ಇನ್ನು ನಾನು ಬೇಕಾಗೇ ಇಲ್ಲ ನಿಮಗೆ.”

“ಬಾಯ್ಮುಚ್ಚು. ಕಾಲು ಹಸಿ ಹಿಟ್ಟಿನ ಥರ ಜೋತಾಡ್ತಿದೆ.”

“ಜೋತಾಡ್ಲಿ ಬಿಡಿ. ಕ್ರಿಸ್ಮಸ್ ಹೊತ್ತಿಗೆ ಪೋಲ್ಕಾ ಡಾನ್ಸ್ ಕುಣೀತೀರ.”

“ಸುಳ್ಳು ಬೊಗಳೋಕೆ ನಿನಗೆ ಸಂಬಳ ಬೇರೆ,” ಎಂದು ವರ್ನಾ ಬೈಯುತ್ತಿದ್ದಳು. ಬೈದು, ತುಟಿಯ ನೆಟ್ಟಗಿದ್ದ ಅರ್ಧದಲ್ಲಿ ನಕ್ಕು, ಇನ್ನೊಂದು ಹೆಜ್ಜೆ ಇಡುತ್ತಿದ್ದಳು. ಬೈಗುಳ ಜಾಸ್ತಿಯಾದಷ್ಟೂ ಹೆಜ್ಜೆ ಜಾಸ್ತಿಯಾಗುತ್ತಿತ್ತು. ಒಂದೇ ಸರಳು ಹಿಡಿದು ನಿಲ್ಲುವ ಮಟ್ಟಕ್ಕೆ ಬಂದಳು. ಮುಂದಿನ ವಾರದಿಂದ ಮೆಟ್ಟಿಲಿನ ಅಭ್ಯಾಸ ಶುರುಮಾಡಬಹುದೆಂದು ರೊಸಾನಾ ಲೆಕ್ಕ ಹಾಕಿಕೊಂಡಿದ್ದಳು.

ಆಗ ವಿಮೆ ಕಂಪನಿಯ ತೀರ್ಮಾನ ಬಂತು. ವರ್ನಾ ಕೊಲಾರ್ ಅವರ ಚಿಕಿತ್ಸೆಯ ಖರ್ಚನ್ನು ಇನ್ನು ಭರಿಸಲಾಗದು, ಮನೆಗೆ ಕಳಿಸತಕ್ಕದ್ದು. ಕಾರಣವನ್ನೂ ಕೊಟ್ಟಿದ್ದರು. ರೋಗಿಯ ನಡಿಗೆ ಅತ್ಯುತ್ತಮವಾಗಿದೆ. ತಮ್ಮ ಅಗತ್ಯ ರೋಗಿಗೆ ಇನ್ನಿಲ್ಲವೆಂದು ಚಿಕಿತ್ಸಕಿಯೇ ತಿಳಿಸಿರುತ್ತಾರೆ. ರೋಗಿಯು ನೃತ್ಯದ ತಯಾರಿಯಲ್ಲಿದ್ದಾರೆ.

ರೊಸಾನಾ ಅದನ್ನು ಓದಿ ಮೊದಲು ನಕ್ಕಳು. ಆಮೇಲೆ ಇನ್ನೊಮ್ಮೆ ಓದಿದಳು. ಎದೆಯ ಮೇಲಿದ್ದ ಯಂತ್ರ ಹೇಳಿತ್ತು, ಕಂಪನಿಯಲ್ಲಿದ್ದ ಯಂತ್ರ ಕೇಳಿತ್ತು. ಎರಡು ಯಂತ್ರಗಳೂ ಸೌಜನ್ಯದಿಂದ ಮಾತಾಡಿ ಮುಗಿಸಿದ್ದವು. ನಡುವೆ ಒಬ್ಬ ಮನುಷ್ಯನೂ ಕಣ್ಣು ಹಾಯಿಸಿರಲಿಲ್ಲ. ಮಾತು ಮನೆ ಕೆಡಿಸಿತು ಎನ್ನುತ್ತಾರಲ್ಲ, ಇಲ್ಲಿ ಒಳ್ಳೆಯ ಮಾತೇ ಕೆಡಿಸಿತ್ತು.

ಬ್ರೆಂಟ್ ಹತ್ತಿರ ಹೋದರೆ ಅವನು ಕಿಂಚಿತ್ತೂ ಅಳುಕಲಿಲ್ಲ. “ಚಿಂತೆ ಮಾಡ್ಬೇಡಿ, ಅದಕ್ಕೂ ಒಂದಿದೆ. ಮೇಲ್ಮನವಿ ಬರೆಯೋ ಯಂತ್ರ, ಹೋದ ತಿಂಗಳಷ್ಟೇ ತರಿಸಿದ್ದು,” ಎಂದು ಗುಂಡಿ ಒತ್ತಿದ. ಆ ಯಂತ್ರ ಹೃದಯ ಕರಗುವ ಹಾಗೆ ಬರೆಯಿತು. ರೊಸಾನಾ ಕಾಫಿ ಬಗ್ಗಿಸಿಕೊಂಡು ಬರುವಷ್ಟರಲ್ಲಿ ಆ ಕಡೆಯ ಯಂತ್ರ ಅಷ್ಟೇ ಹೃದಯ ಕರಗುವ ಭಾಷೆಯಲ್ಲಿ ಆಗುವುದಿಲ್ಲ ಎಂದು ಉತ್ತರಿಸಿತ್ತು.

ಉಳಿದದ್ದು ಒಂದೇ ದಾರಿ. ರೋಗಿಯ ಕಡೆಯ ವೈದ್ಯರು ಕಂಪನಿಯ ವೈದ್ಯರಿಗೆ ಫೋನು ಮಾಡಿ ವಾದಿಸಬಹುದು. ಕಂಪನಿ ಹೇಳಿದ ಹೊತ್ತಿಗೇ ಮಾಡಬೇಕು, ತಪ್ಪಿದರೆ ಮುಗಿಯಿತು. ಕೇಂದ್ರದ ವೈದ್ಯರು ವಾರಕ್ಕೊಮ್ಮೆ ಮುಖ ತೋರಿಸಿ ಹೋಗುವವರು. ಅವರು ಫೋನು ಹಚ್ಚಿ, ಎರಡು ಮಾತಾಡಿ, “ನಡೆಸಿದವಳು ಇವಳೇ, ಇವಳನ್ನೇ ಕೇಳಿ,” ಎಂದು ರೊಸಾನಾಳ ಕೈಗೆ ಕೊಟ್ಟುಬಿಟ್ಟರು.

ಆ ಕಡೆ ಡಾಕ್ಟರ್ ಆಲ್ಡ್ರಿಚ್ ಎಂಬಾತ. ದನಿ ಕೆಟ್ಟದಾಗಿರಲಿಲ್ಲ, ಸುಸ್ತಾಗಿತ್ತು ಅಷ್ಟೇ.

“ನೀವೇ ಹೇಳಿದ್ದು ನನ್ನ ಮುಂದೆ ಇದೆ ನೋಡಿ. ‘ಇನ್ನು ನಾನು ಬೇಕಾಗೇ ಇಲ್ಲ ನಿಮಗೆ.’ ಹೇಳಿದ್ರಾ, ಇಲ್ವಾ?”

“ಹೇಳಿದೆ. ಅದು ಹುರಿದುಂಬಿಸೋಕೆ ಹೇಳೋ ಮಾತು ಡಾಕ್ಟ್ರೇ. ನಿಮ್ಮ ಮಗು ಮೊದಲನೇ ಸಲ ಸೈಕಲ್ ತುಳಿದಾಗ ನೀವೇನಂದ್ರಿ?”

“ಭಲೇ ಅಂದಿರ್ತೀನಿ.”

“ಅಂದು, ಹೆದ್ದಾರಿಗೆ ಬಿಟ್ರಾ?”

ಆ ಕಡೆ ಕೀಲಿಮಣೆ ಕುಟ್ಟಿದ ಸದ್ದಾಯಿತು.

“ನೀವು ಲಕ್ವ ಹೊಡೆದ ಕಾಲು ನೋಡಿದೀರಾ?” ಎಂದು ರೊಸಾನಾ ಕೇಳಿದಳು.

“ಕಾಲೇಜಲ್ಲಿ ನೋಡಿದ್ದೆ. ನಾನು ಕಣ್ಣಿನ ಡಾಕ್ಟ್ರು,” ಎಂದ ಅವನು. ನಾಚಿಕೊಂಡನೋ ಇಲ್ಲವೋ ತಿಳಿಯಲಿಲ್ಲ. “ನೋಡಿ ತಾಯಿ, ನಾವಿಬ್ಬರೂ ಮಾತಾಡ್ತಿರೋದೂ ದಾಖಲಾಗ್ತಿದೆ. ದಾಖಲೆಯಲ್ಲಿ ಇಲ್ಲದ್ದನ್ನ ನಾನು ನೋಡೋ ಹಾಗಿಲ್ಲ. ದಾಖಲೆ ಬೇರೆ ಥರ ಇದ್ರೆ ನಾನೂ ಬೇರೆ ಥರ ಹೇಳಬಹುದು. ಸೋಮವಾರದವರೆಗೂ ಇದನ್ನ ತೆರೆದಿಟ್ಟಿರ್ತೀನಿ. ಅರ್ಥ ಆಯ್ತು ಅನ್ಕೋತೀನಿ.”

ಅರ್ಥವಾಗದೆ ಏನು. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ಇವರು. ಈಯಿತು ಎಂದು ಯಾರಾದರೂ ಹೇಳಬೇಕು, ಅಷ್ಟೇ.

ರೊಸಾನಾ ನೇರ ವರ್ನಾಳ ಕೋಣೆಗೆ ಹೋದಳು. ಎದೆಯ ಡಬ್ಬಿಯನ್ನು ಕಿತ್ತು ಟವೆಲುಗಳ ಬೀರುವಿನೊಳಗೆ ಹಾಕಿ, ಬಾಗಿಲು ಮುಚ್ಚಿ, ಎಲ್ಲವನ್ನೂ ಹೇಳಿದಳು. ಇನ್ನು ಮುಂದೆ ಡಬ್ಬಿ ಕೇಳುತ್ತಿರುವಾಗ ತಾನು ಕೆಟ್ಟದ್ದನ್ನೇ ಆಡುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದಳು.

“ನಮ್ಮಮ್ಮನ ಕೈಲಿ ಬೆಳೆದೋಳು ನಾನು,” ಎಂದಳು ವರ್ನಾ. “ನಿನ್ನ ಬೈಗುಳ ನನಗೆ ಯಾವ ಮೂಲೆಗೆ. ಆದ್ರೆ ಒಂದ್ ಕೇಳ್ತೀನಿ. ನಾನು ನಡೆದ್ರೆ ಓಡಿಸ್ತಾರೆ, ನಡೀದೇ ಇದ್ರೆ ಇಟ್ಕೋತಾರೆ. ಹಾಗಾದ್ರೆ ಇದು ನಡೆಸೋ ಜಾಗ ಹೇಗಾಯ್ತು?”

ರೊಸಾನಾ ಎದ್ದು ಬೀರು ತೆರೆದಳು. ಡಬ್ಬಿಯನ್ನು ಮತ್ತೆ ಎದೆಗೆ ಸಿಕ್ಕಿಸಿಕೊಂಡಳು.

ಮೊದಲೆರಡು ದಿನ ಅದೊಂದು ಆಟವಾಯಿತು. ವರ್ನಾ ಸರಳು ಹಿಡಿದು ಸರಿಯಾಗಿಯೇ ಹೆಜ್ಜೆ ಇಡುತ್ತಿದ್ದಳು. ರೊಸಾನಾ ಗಟ್ಟಿಯಾಗಿ, “ನಿಲ್ಲೋಕಾಗ್ತಿಲ್ಲ. ಎಡಗಾಲು ಎಳೀತಿದೆ. ಹೇಳಿದ್ದು ತಲೆಗೆ ಹೋಗ್ತಿಲ್ಲ,” ಎನ್ನುತ್ತಿದ್ದಳು. ವರ್ನಾಗೆ ಹುರುಪು ಬಂದು, “ಅಯ್ಯೋ, ನೀನು ಯಾರಮ್ಮಾ? ಇದು ಯಾವೂರು?” ಎಂದು ನರಳಿದಳು. ರೊಸಾನಾ ನಗು ತಡೆಯಲು ತುಟಿ ಕಚ್ಚಿಕೊಂಡಳು. ಸೋಮವಾರ ಕಂಪನಿಯಿಂದ ಒಪ್ಪಿಗೆ ಬಂತು. ರೋಗಿಯ ಸ್ಥಿತಿ ಶೋಚನೀಯವಾಗಿರುವುದರಿಂದ ಚಿಕಿತ್ಸೆ ಮುಂದುವರಿಸಬಹುದು. ಇಬ್ಬರೂ ಬೀರುವಿನ ಮರೆಯಲ್ಲಿ ಕೈ ಕೈ ತಟ್ಟಿಕೊಂಡರು. ಗೆದ್ದೆವೆಂದೇ ರೊಸಾನಾ ಅಂದುಕೊಂಡಳು.

ಇಂಥ ಗೆಲುವು ಬ್ರೆಂಟ್‌ನ ಕಿವಿಗೆ ಬೀಳದೆ ಇರುತ್ತದೆಯೇ. ಅವನು ಎಲ್ಲರನ್ನೂ ಕರೆದು, ಸಕ್ಕರೆ ಮೆತ್ತಿದ ಡೋನಟ್ ತಿನ್ನಿಸಿ, ರೊಸಾನಾಳನ್ನು ಹೊಗಳಿ ಅಟ್ಟಕ್ಕೇರಿಸಿದ. “ಇವರನ್ನ ನೋಡಿ ಕಲೀರಿ. ಸುಳ್ಳು ಹೇಳಿ ಅಂತಿಲ್ಲ ನಾನು. ರೋಗಿಗೆ ಏನು ಆಗಲ್ಲವೋ ಅದನ್ನ ಬಾಯ್ಬಿಟ್ಟು ಹೇಳಿ. ಆಗೋದನ್ನ ಹೇಳ್ಬೇಡಿ, ಅಷ್ಟೇ.” ಮಾರನೆಯ ದಿನ ಗೋಡೆಗೊಂದು ಬಣ್ಣದ ಹಾಳೆ ಬಂತು, ಕೊರತೆಯನ್ನು ನುಡಿಯಿರಿ ಎಂದು.

ವಾರ ಕಳೆಯುವುದರೊಳಗೆ ಅಂಗಸಾಧನೆಯ ಆ ದೊಡ್ಡ ಹಜಾರದ ಸದ್ದೇ ಬದಲಾಯಿತು. ಮೊದಲು ಅಲ್ಲಿ ಕಾಲಿಟ್ಟರೆ ಜಾತ್ರೆ ಗದ್ದಲ, ಭಲೇ, ಇನ್ನೊಂದು, ಆಯ್ತು ನೋಡಿ, ಗೆದ್ರಿ. ಈಗ ಒಂದೊಂದು ಮೂಲೆಯಿಂದಲೂ ಅದೇ ರಾಗ. ಆಗ್ತಿಲ್ಲ. ಹಿಡಿತ ಇಲ್ಲ. ಬೀಳೋ ಅಪಾಯ ಇದೆ. ಬಸ್ಸು ಓಡಿಸಿ ನಿವೃತ್ತನಾದ ಒಬ್ಬ ಮುದುಕ, ಹಾಸಿಗೆ ಹಿಡಿದಿದ್ದವನು, ಅಂದು ಮೊದಲ ಬಾರಿಗೆ ಹಜಾರದ ಈ ತುದಿಯಿಂದ ಆ ತುದಿಗೆ ನಡೆದು ಮುಟ್ಟಿ, ಮುಖ ಅರಳಿಸಿಕೊಂಡು ಹಿಂತಿರುಗಿ ನೋಡಿದ. ಅವನನ್ನು ನಡೆಸುತ್ತಿದ್ದ ಹುಡುಗಿ ಅವನ ಮುಖ ನೋಡದೆ ತನ್ನ ಎದೆಯ ಡಬ್ಬಿಗೆ, “ನಡಿಗೆ ಅಸ್ಥಿರ, ಒಬ್ಬನೇ ಬಿಡೋ ಹಾಗಿಲ್ಲ,” ಎಂದಳು. ಮುದುಕ ತಲೆ ತಗ್ಗಿಸಿ ಗಾಲಿಕುರ್ಚಿಯಲ್ಲಿ ಕೂತ.

ರೊಸಾನಾಳಿಗೆ ಅಸಹ್ಯವಾಯಿತು. ಬಟ್ಟೆಯೊಳಗೆ ಏನೋ ಹರಿದಾಡಿದ ಹಾಗಾಯಿತು. ಕಂಪನಿಯ ಮೇಲೆ, ಬ್ರೆಂಟ್ ಮೇಲೆ ಹೇಸಿಗೆ ಪಟ್ಟುಕೊಳ್ಳುವುದು ಸುಲಭ, ಅದನ್ನು ದಿನಾ ಪಡುತ್ತಲೇ ಇದ್ದಳು. ಈ ಸಲ ಅದು ತನ್ನ ಬಾಯಿಯ ಮೇಲೆಯೇ ಬಂತು. ಒಂದು ಕೋತಿ ಕೆಟ್ಟು ವನವನ್ನೆಲ್ಲ ಕೆಡಿಸಿತಂತೆ. ಆ ಕೋತಿ ತಾನೇ.

ವರ್ನಾಳಲ್ಲಿ ಆಟದ ಹುರುಪು ಇಳಿದದ್ದು ಯಾವಾಗ ಎಂದು ರೊಸಾನಾಳ ಗಮನಕ್ಕೇ ಬರಲಿಲ್ಲ. ನರಳುವ ನಾಟಕ ನಿಂತಿತು. ಬೈಗುಳವೂ ನಿಂತಿತು. ಅದು ನಿಂತಾಗಲೇ ಎಚ್ಚರವಾಗಬೇಕಿತ್ತು.

“ಈಗ ಅಂದ್ಯಲ್ಲ, ಅದು ಡಬ್ಬಿಗಾ ನನಗಾ?” ಎಂದು ಒಂದು ದಿನ ವರ್ನಾ ಕೇಳಿದಳು.

ರೊಸಾನಾ ಡಬ್ಬಿಯನ್ನು ಅಂಗೈಯಲ್ಲಿ ಮುಚ್ಚಿ ಪಿಸುಗುಟ್ಟಿದಳು. “ಡಬ್ಬಿಗೆ. ನೀವು ಚೆನ್ನಾಗಿ ಮಾಡ್ತಿದೀರ.”

“ಕದ್ದು ಹೇಳೋ ಹೊಗಳಿಕೆ ಯಾರು ನಂಬ್ತಾರೆ? ಕೆಟ್ಟದ್ದನ್ನ ಗಟ್ಟಿಯಾಗಿ ಹೇಳ್ತೀಯ, ಒಳ್ಳೇದನ್ನ ಪಿಸುಗುಟ್ತೀಯ. ಜನ ನಿಜಾನ ಪಿಸುಗುಟ್ಟಲ್ಲ ಹುಡುಗಿ.”

“ನಾವೇ ಮಾತಾಡ್ಕೊಂಡಿದ್ವಲ್ಲ.”

“ಮಾತಾಡ್ಕೊಂಡಿದ್ವಿ. ಕಾಲಿಗೆ ಅದು ಗೊತ್ತಿಲ್ವಲ್ಲ,” ಎಂದಳು ವರ್ನಾ.

ಅಭ್ಯಾಸದ ಮೆಟ್ಟಿಲೆಂದರೆ ಎರಡೂ ಕಡೆ ಹಿಡಿಕೆ ಇದ್ದ ಮರದ ಚಿಕ್ಕ ಕಟ್ಟೆ. ಅದನ್ನು ಹತ್ತಿಸಲು ಹೊರಟ ದಿನ ವರ್ನಾ ಬಲಗಾಲು ಮೇಲಿಟ್ಟಳು. ಎಡಗಾಲು ಹಿಂದೆಯೇ ಬರಬೇಕಿತ್ತು, ತುದಿಗೆ ತಾಗಿ ಮಡಚಿತು. ರೊಸಾನಾ ಅವಳ ಸೊಂಟಕ್ಕೆ ಕಟ್ಟಿದ್ದ ಪಟ್ಟಿ ಹಿಡಿದು ಬೀಳದಂತೆ ತಡೆದಳು. ಕೈ ತನ್ನ ಕೆಲಸ ಮಾಡಿತು, ಬಾಯಿಯೂ ತನಗೆ ಹೊಸದಾಗಿ ಅಂಟಿದ ಕೆಲಸ ಮಾಡಿತು. “ಮೆಟ್ಟಿಲು ಹತ್ತೋದು ಸಾಧ್ಯವಿಲ್ಲ,” ಎಂದಿತು. ಮೊದಲಿನ ರೊಸಾನಾ ಆಗಿದ್ದರೆ, ಎಡವಿದ್ರೂ ಬೀಳಲಿಲ್ಲ ನೋಡಿ, ಎಂದಿರುತ್ತಿದ್ದಳು. ಹೀಗೆ ಎಡವುವುದನ್ನು ಅವಳು ಸಾವಿರ ಜನರಲ್ಲಿ ಕಂಡಿದ್ದಳು. ಎರಡನೆಯ ದಿನಕ್ಕೆ ಅವರೆಲ್ಲ ಹತ್ತುತ್ತಿದ್ದರು.

ಮರುದಿನ ಬೆಳಗ್ಗೆ ಕರೆಯಲು ಹೋದರೆ ವರ್ನಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

“ಏಳಿ ವರ್ನಾ. ಹೊತ್ತಾಯ್ತು.”

“ಸಾಧ್ಯವಿಲ್ಲ ಅಂದ್ಯಲ್ಲ.”

“ಅದು ಡಬ್ಬಿಗೆ.”

“ಅಲ್ಲ,” ಎಂದಳು ವರ್ನಾ. “ಡಬ್ಬಿಗೆ ಹೇಳುವಾಗ ನೀನು ಒಂದು ಗಳಿಗೆ ಯೋಚ್ನೆ ಮಾಡ್ತೀಯ. ನಿನ್ನೆ ಮಾಡ್ಲಿಲ್ಲ.”

ಅವಳು ಏಳಲಿಲ್ಲ. ಮಾರನೆಯ ದಿನವೂ ಏಳಲಿಲ್ಲ. ರೊಸಾನಾ ಬೇಡಿದಳು, ಗದರಿದಳು, ಹಳೆಯ ಹೊಗಳಿಕೆಯನ್ನೆಲ್ಲ ಡಬ್ಬಿ ಕೇಳಿದರೂ ಕೇಳಲಿ ಎಂದು ಗಟ್ಟಿಯಾಗಿಯೇ ಆಡಿದಳು. ಆ ಮಾತುಗಳು ಅವಳ ಕಿವಿಗೇ ಸವಕಲು ನಾಣ್ಯದ ಹಾಗೆ ಕೇಳಿಸಿದವು. ಬಳಸದ ಕಾಲು ದಿನದಿಂದ ದಿನಕ್ಕೆ ಬಿಗಿಯಿತು.

ಕಂಪನಿಯ ಎರಡನೆಯ ತೀರ್ಮಾನ ಮೊದಲನೆಯದಕ್ಕಿಂತ ಚಿಕ್ಕದಾಗಿತ್ತು. ಸುಧಾರಣೆ ಕಂಡುಬರುತ್ತಿಲ್ಲ. ಚಿಕಿತ್ಸೆಯಿಂದ ಪ್ರಯೋಜನವಿಲ್ಲ. ಶುಕ್ರವಾರ ಕಳಿಸತಕ್ಕದ್ದು.

ನಡೆದರೂ ಹೊರಗೆ, ನಡೆಯದಿದ್ದರೂ ಹೊರಗೆ. ಅತ್ತ ದರಿ, ಇತ್ತ ಪುಲಿ. ನಡುವೆ ಉಳಿದಿದ್ದ ಕೂದಲೆಳೆಯಷ್ಟು ಜಾಗದಲ್ಲಿ ಎಪ್ಪತ್ತು ದಾಟಿದ ಹೆಂಗಸು ಒಂಟಿಕಾಲಿನಲ್ಲಿ ನಿಂತಿರಬೇಕಿತ್ತು. ರೊಸಾನಾ ಬ್ರೆಂಟ್‌ನ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತಳು.

“ನೋಡಿ, ನೀವು ಸ್ವಲ್ಪ ಜಾಸ್ತಿ ಕೆಟ್ಟದಾಗಿ ಹೇಳಿಬಿಟ್ರಿ,” ಎಂದ ಬ್ರೆಂಟ್, ಉಪ್ಪು ಜಾಸ್ತಿಯಾಯಿತು ಅನ್ನುವ ಹಾಗೆ. “ಬೇಜಾರು ಮಾಡ್ಕೋಬೇಡಿ. ಡಬ್ಬಿಯವರು ಹೊಸದೊಂದು ತರ್ತಿದಾರೆ. ಎಷ್ಟು ಹೊಗಳಬೇಕು, ಎಷ್ಟು ತೆಗಳಬೇಕು, ಯಾವಾಗ ನಿಲ್ಲಿಸಬೇಕು ಅಂತ ನಿಮ್ಮ ಕಿವೀಲೇ ಹೇಳ್ಕೊಡುತ್ತೆ. ರೋಗೀನ ತಕ್ಕಡಿ ಸರಿ ನಡುವೆ ಇಟ್ಟ ಹಾಗೆ ಇಡಬಹುದು.”

“ಅವಳು ಮೆಟ್ಟಿಲು ಹತ್ತೋದು?”

“ಅದು ಬೇರೆ ವಿಚಾರ,” ಎಂದ ಬ್ರೆಂಟ್. ಅವನು ಸುಳ್ಳು ಹೇಳುತ್ತಿರಲಿಲ್ಲ. ಆ ಕಟ್ಟಡದಲ್ಲಿ ಅದು ನಿಜವಾಗಿಯೂ ಬೇರೆ ವಿಚಾರವಾಗಿಬಿಟ್ಟಿತ್ತು.

“ನಿಮ್ಮಮ್ಮ ಇದಾರಾ ಬ್ರೆಂಟ್?”

“ಇದಾರೆ. ಫ್ಲಾರಿಡಾದಲ್ಲಿ.”

“ಬೀಳದ ಹಾಗೆ ನೋಡ್ಕೊಳ್ಳಿ,” ಎಂದು ಹೇಳಿ ಹೊರಟಳು.

ವರ್ನಾ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದಳು. ಸುದ್ದಿ ಅವಳಿಗಾಗಲೇ ಮುಟ್ಟಿತ್ತು. ರೊಸಾನಾ ಡಬ್ಬಿಯನ್ನು ಬೀರುವಿಗೂ ಹಾಕಲಿಲ್ಲ, ಹೊರಗೆ ಹೋಗಿ ಕೊಳೆಬಟ್ಟೆಯ ಗಾಡಿಗೆ ಎಸೆದು ಬಂದು ಎದುರಿಗೆ ಮಂಚದ ಮೇಲೆ ಕೂತಳು.

“ಈಗ ಯಾರೂ ಕೇಳಿಸ್ಕೋತಿಲ್ಲ ತಾನೆ?” ಎಂದಳು ವರ್ನಾ. “ಹಾಗಾದ್ರೆ ಹೇಳು. ಹೊಗಳಬೇಡ, ತೆಗಳಬೇಡ. ನಾನು ಮೆಟ್ಟಿಲು ಹತ್ತೀನಾ?”

ರೊಸಾನಾ ಬಾಯಿ ತೆರೆದಳು. ಹೌದು ಎನ್ನುವುದು ಸಿದ್ಧವಾಗಿತ್ತು, ಇಲ್ಲ ಎನ್ನುವುದೂ ಸಿದ್ಧವಾಗಿತ್ತು. ಎರಡನ್ನೂ ನುಂಗಿಕೊಂಡಳು.

“ಶುಕ್ರವಾರದೊಳಗೆ ನಿಂತ್ಕೊಂಡು ಹತ್ತಲ್ಲ. ನಾಟಕ ಆಡದೆ ಕೆಲ್ಸ ಮಾಡಿದ್ರೆ ಇಷ್ಟೊತ್ತಿಗೆ ಹತ್ತಿರ್ತಿದ್ರಿ. ಅದನ್ನ ನಾನು ಹಾಳು ಮಾಡ್ದೆ.”

ವರ್ನಾ ಗಾಲಿಕುರ್ಚಿಯನ್ನು ಕಿಟಕಿಯಿಂದ ಅವಳ ಕಡೆ ತಿರುಗಿಸಿದಳು. “ನಾನು ಬಂದಾಗಿಂದ ನೀನು ಆಡಿದ್ದರಲ್ಲಿ ಇದೊಂದೇ ನನಗೆ ಪೂರ್ತಿ ನಂಬಿಕೆ ಬಂದ ಮಾತು,” ಎಂದಳು. “ನಿಂತ್ಕೊಂಡು ಹತ್ತಲ್ಲ ಅಂದ್ಯಲ್ಲ. ಬೇರೆ ಹೇಗೆ ಹತ್ತೋದು?”

ಬೇರೆ ದಾರಿಯೊಂದಿತ್ತು. ರೊಸಾನಾ ಅದನ್ನು ಯಾರಿಗೂ ಮೊದಲು ಹೇಳುತ್ತಿರಲಿಲ್ಲ, ಏಕೆಂದರೆ ಕೇಳಿದವರ ಮಾನ ಹೋದಂತಾಗುತ್ತಿತ್ತು. ಕೂತು ಹತ್ತುವುದು. ಕೆಳಗಿನ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತು, ನೆಟ್ಟಗಿರುವ ಕೈಯನ್ನು ಹಿಂದಿನ ಮೆಟ್ಟಿಲಿಗೆ ಊರಿ, ನೆಟ್ಟಗಿರುವ ಕಾಲಲ್ಲಿ ಒತ್ತಿ, ಅಂಡನ್ನು ಒಂದು ಮೆಟ್ಟಿಲು ಮೇಲಕ್ಕೆ ಎಳೆದುಕೊಳ್ಳುವುದು. ಮತ್ತೆ ಇನ್ನೊಂದು. ಅಂಬೆಗಾಲಿಡುವ ಮಗುವಿನ ಬುದ್ಧಿ ಅದು.

ವರ್ನಾ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ, “ಅಂಡು ದಪ್ಪ ಇರೋದು ಕೊನೆಗೂ ಉಪಯೋಗಕ್ಕೆ ಬಂತು. ನಡಿ,” ಎಂದಳು.

ಬೆಂಕಿ ಬಿದ್ದಾಗ ಓಡುವುದಕ್ಕೆಂದು ಕಟ್ಟಿದ ಸಿಮೆಂಟಿನ ಮೆಟ್ಟಿಲಿಗೆ ಯಾರೂ ಬರುತ್ತಿರಲಿಲ್ಲ. ಅಲ್ಲಿ ಅವರಿಬ್ಬರೂ ಉಳಿದ ದಿನಗಳಲ್ಲಿ ಬೆವರಿಳಿಯುವ ತನಕ ಅಭ್ಯಾಸ ಮಾಡಿದರು. ಮೇಲೆ ತಲುಪಿದ ಮೇಲೆ ಗಿಡ್ಡ ಸ್ಟೂಲಿಗೆ ಸರಿದು, ಕಟಕಟೆ ಹಿಡಿದು ಏಳುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಅದನ್ನೂ ವರ್ನಾ ಬೈಯುತ್ತ ಬೈಯುತ್ತ ಕಲಿತಳು. ಬೈಗುಳ ವಾಪಸು ಬಂದದ್ದು ಕೇಳಿ ರೊಸಾನಾಳಿಗೆ ಅಳು ಬಂತು. ಡಬ್ಬಿ ಕೇಳದ ಪಾಠ ಕೇಂದ್ರದ ಲೆಕ್ಕದಲ್ಲಿ ನಡೆದೇ ಇರಲಿಲ್ಲ. ಅದಕ್ಕಾಗಿ ಬ್ರೆಂಟ್ ಅವಳಿಗೆ ಎಚ್ಚರಿಕೆ ಕೊಟ್ಟ, ಅತ್ಯಂತ ವಿನಯದಿಂದ.

ಶುಕ್ರವಾರ ಸಂಜೆಯೇ ರೊಸಾನಾ ಗಿಡ್ಡ ಸ್ಟೂಲೊಂದನ್ನು ಕಾರಿನಲ್ಲಿ ಹಾಕಿಕೊಂಡು ವರ್ನಾಳ ಮನೆಗೆ ಹೋದಳು. ಮೆಟ್ಟಿಲು ಅವಳು ಊಹಿಸಿದ್ದಕ್ಕಿಂತ ಕಡಿದಾಗಿತ್ತು. ತುದಿಯಲ್ಲಿ ಸ್ಟೂಲಿಟ್ಟು ಇಳಿದು ಬಂದು, ವರ್ನಾ ಜಾರಿದರೆ ಹಿಡಿಯಲೆಂದು, ಅವಳು ಏರಿದಂತೆ ತಾನೂ ಏರಲು ಮೆಟ್ಟಿಲ ಬುಡದಲ್ಲಿ ನಿಂತಳು. ವರ್ನಾ ಲಂಗವನ್ನು ಮೊಣಕಾಲಿಗೆ ಸುತ್ತಿಕೊಂಡು ಕೂತಳು. ಆಗ್ನೆಸ್ ವಾಕರ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಬೇರೆ ಕಡೆ ತಿರುಗಿಸಿದ್ದಳು.

“ಯಾಕೆ ಆ ಕಡೆ ನೋಡ್ತೀಯ ಆಗ್ನೆಸ್? ಈ ಕಡೆ ನೋಡು,” ಎಂದಳು ವರ್ನಾ. “ಇದಕ್ಕೇ ತಾನೆ ಜೀವಮಾನ ಪೂರ್ತಿ ನಾನು ವಿಮೆ ಕಟ್ಟಿದ್ದು.”

ಕೈ ಊರಿದಳು, ಒತ್ತಿದಳು, ಒಂದು ಮೆಟ್ಟಿಲು ಏರಿದಳು. ಸೋತ ಕಾಲು ಹಿಂದೆ ಹಿಂದೆ ಎಳೆದುಕೊಂಡು ಬಂತು, ಹಿಮ್ಮಡಿ ಪ್ರತಿ ಮೆಟ್ಟಿಲಿಗೂ ತಗುಲಿ ಟಪ್ಪೆನ್ನುತ್ತಿತ್ತು. ನಡುವೆ ಎರಡು ಸಲ ಕೂತು ಏದುಸಿರು ಬಿಟ್ಟಳು. ರೊಸಾನಾ ಹೊಗಳಲಿಲ್ಲ, ವರ್ನಾಳೂ ಅದಕ್ಕೆ ಕಾಯಲಿಲ್ಲ. ಕೊನೆಯಲ್ಲಿ ಸ್ಟೂಲಿಗೆ ಜರುಗಿ, ಕಟಕಟೆ ಹಿಡಿದು ಎದ್ದು, ಗೋಡೆ ಆತುಕೊಂಡು ಒಳಗೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡಳು. ಅಗುಳಿ ಬಿದ್ದದ್ದು ಕೆಳಗಿನವರೆಗೂ ಕೇಳಿಸಿತು.

ರೊಸಾನಾ ಇಳಿದು ಬಂದು ಕೆಳಗಿನ ಮೆಟ್ಟಿಲಿನ ಮೇಲೆ ಕೂತಳು. ಆಗ್ನೆಸ್ ನಿಧಾನವಾಗಿ ವಾಕರ್ ತಳ್ಳಿಕೊಂಡು ಹತ್ತಿರ ಬಂದಳು.

“ಹೀಗೆ ಹತ್ತೋದನ್ನ ನಿಮ್ಮ ಕೇಂದ್ರದಲ್ಲಿ ಕಲಿಸಿದ್ದಾ?”

“ಹೌದು. ನಾನೇ ಕಲಿಸಿದ್ದು.”

“ಯಂತ್ರಗಿಂತ್ರ ಎಲ್ಲಾ ಇದೆಯಂತೆ ಅಲ್ಲಿ. ವರ್ನಾ ಹೇಳ್ತಿದ್ಲು.”

“ಇದಾವೆ.”

ಆಗ್ನೆಸ್ ತಲೆಯಾಡಿಸಿದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನೆನಪು ಮಾತ್ರ ಇತ್ತು. “ನಮ್ಮಮ್ಮಂಗೂ ಲಕ್ವ ಹೊಡೆದಿತ್ತು. ಆಗ ನಾವಿನ್ನೂ ಚಿಕ್ಕ ವಯಸ್ಸಿನೋರು, ವರ್ನಾ ಬೇರೆ ಊರಲ್ಲಿ ಕೆಲಸದಲ್ಲಿದ್ಲು, ಡಾಕ್ಟ್ರು ಗೀಕ್ಟ್ರು ಯಾರೂ ಬಂದು ನೋಡ್ಲಿಲ್ಲ. ಕೊನೇ ವರ್ಷ ಪೂರ್ತಿ ಇದೇ ಮೆಟ್ಟಿಲನ್ನ ಹೀಗೇ ಹತ್ತಿದ್ಲು. ಅವಳಿಗೆ ಯಾರೂ ಕಲಿಸಿರ್ಲಿಲ್ಲ.”

ಮೇಲೆ ನೀರು ಬಿಟ್ಟ ಸದ್ದಾಯಿತು. ರೊಸಾನಾ ಎದ್ದು, ವರ್ನಾ ಇಳಿಯುವಾಗ ಹಿಡಿದುಕೊಳ್ಳಲೆಂದು ಮತ್ತೆ ಮೆಟ್ಟಿಲು ಹತ್ತಿದಳು.